ಮೊಲಕ್ಕೊಂದು ಜೊತೆ

ಮಕ್ಕಳ ಹಟಕ್ಕೆ ಮಣಿದು ಮನೆಯ ಮೊಲಕ್ಕೊಂದು ಜೊತೆ ತರುವವರಿದ್ದೀರಿ. ತಾವರಗೇರಾ ಸುತ್ತಿನ ಹೊಲಗಳಲ್ಲಿ ಓಡಾಡುವ ಕಾಡುಮೊಲವನ್ನು ಹಿಡಿದು ತರಬೇಡಿರಿ. ಅದರ ಜಾತಿಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಸಾಕಗೊಡದು.

ಸಾಕುಮೊಲ ಸಂಗ ಬಯಸುವ ಪ್ರಾಣಿ. ಆದರೆ ತನ್ನ ಗೂಡಿಗೆ ತಾನೇ ಒಡೆಯನೆಂದು ಬಗೆಯುತ್ತದೆ. ಹೊಸದನ್ನು ಮೊದಲ ದಿನವೇ ಅದರೊಳಗೆ ಬಿಟ್ಟರೆ ಕಚ್ಚಾಟವಾಗಿ ಆಳವಾದ ಗಾಯವಾದೀತು. ಎರಡು ಗೂಡುಗಳನ್ನು ಮೂತಿ ತಾಗದಷ್ಟು ಅಂತರದಲ್ಲಿ ಅಕ್ಕಪಕ್ಕ ಇಡಿರಿ. ಹಾಸಿದ ಹುಲ್ಲನ್ನು ಕೆಲವು ದಿನ ಅದಲುಬದಲು ಮಾಡಿರಿ. ಅವುಗಳಿಗೆ ವಾಸನೆಯೇ ಪರಿಚಯ. ಬಳಿಕ ಎರಡಕ್ಕೂ ಹೊಸದಾದ ಜಾಗದಲ್ಲಿ ಹತ್ತು ನಿಮಿಷ ಕಣ್ಣೆದುರೇ ಬಿಡಿರಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿರಿ. ಒಂದು ಇನ್ನೊಂದರ ಬೆನ್ನೇರಿದರೆ ಗಾಬರಿ ಬೇಡ. ಹಿರಿಯರಾರೆಂದು ಹಾಗೆ ತೀರ್ಮಾನಿಸಿಕೊಳ್ಳುತ್ತವೆ. ಕಿವಿ ಹಿಂದಕ್ಕೊತ್ತಿ, ಬಾಲವೆತ್ತಿ ನುಗ್ಗಿದರೆ ದಪ್ಪ ಟವೆಲು ಹಾಕಿ ಬೇರ್ಪಡಿಸಿರಿ, ಬರಿಗೈ ಚಾಚಬೇಡಿರಿ. ಒಂದರ ತಲೆಯನ್ನು ಇನ್ನೊಂದು ನೆಕ್ಕತೊಡಗಿದರೆ ಸ್ನೇಹ ಕುದುರಿತೆನ್ನಿರಿ.

ಗಂಡುಹೆಣ್ಣಿನ ಜೋಡಿಯಾದರೆ ಪಶುವೈದ್ಯರನ್ನು ಮೊದಲೇ ಕಾಣಿರಿ. ಮೊಲದ ಬಸಿರು ಸುಮಾರು 31 ದಿನದ್ದು. ಸಂತಾನಹರಣವಾದ ಮೊಲಗಳಲ್ಲಿ ಜಗಳವೂ ಕಡಿಮೆ. ನಮ್ಮ ಬೇಸಿಗೆಯ ಸೆಕೆ ಅವಕ್ಕೆ ಪ್ರಾಣಾಂತಕ. ಭೇಟಿಯೆಲ್ಲ ಬೆಳಗಿನ ತಂಪಿನಲ್ಲೇ ನಡೆಯಲಿ. ವಾರಗಳೇ ಹಿಡಿದರೂ ಅವಸರ ಬೇಡ.