ಗೋಧಿಯೊಳಗಿನ ಕಳೆ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿದರು. ರೋಗಮೂಲದ ವಿಷಯದಲ್ಲಿ ಈ ಮಾತು ಸಲ್ಲದು. ಅದನ್ನು ಹುಡುಕದೆ ಬಿಟ್ಟರೆ ಊರಿಗೆ ಊರೇ ಬೆಲೆ ತೆರಬೇಕಾಗುತ್ತದೆ. ಅಂಥದೊಂದು ಶೋಧದ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಬಹುಕಾಲ ಕನ್ನಡ ಪಾಠ ಹೇಳಿದವನು. ಆದರೂ ಪಾಠಾಂತರಗಳ ನಡುವೆ ಮೂಲಪಾಠವನ್ನು ಅರಸುವ ಗ್ರಂಥಸಂಪಾದಕನ ಕೆಲಸಕ್ಕೂ ಈ ಶೋಧಕ್ಕೂ ನಂಟಿದೆಯೆಂದು ನನಗೆ ತೋರುತ್ತದೆ.

ಆಗ್ನೇಯ ಯೂರೋಪಿನಲ್ಲಿ, ಡ್ಯಾನ್ಯೂಬ್ ನದಿಯ ಉಪನದಿಗಳ ಬಯಲಿನಲ್ಲಿ, ವಿಚಿತ್ರವಾದೊಂದು ಮೂತ್ರಪಿಂಡರೋಗವನ್ನು 1950ರ ದಶಕದಲ್ಲಿ ವೈದ್ಯರು ಗುರುತಿಸಿದರು. ಬಲ್ಗೇರಿಯ, ರುಮೇನಿಯ, ಅಂದಿನ ಯುಗೊಸ್ಲಾವಿಯಗಳ ಬೇಸಾಯದ ಮನೆತನಗಳೇ ಅದಕ್ಕೆ ತುತ್ತಾದವು. ಮೊದಮೊದಲು ನೋವಿಲ್ಲ, ಊತವಿಲ್ಲ. ವರ್ಷಾನುಗಟ್ಟಲೆ ಮೂತ್ರಪಿಂಡಗಳು ಸದ್ದಿಲ್ಲದೆ ಕುಗ್ಗುತ್ತವೆ. ಹಲವರಿಗೆ ಮೂತ್ರಮಾರ್ಗದ ಮೇಲ್ಭಾಗದಲ್ಲಿ ಅರ್ಬುದವೂ ಹುಟ್ಟುತ್ತದೆ. ಒಂದು ಹಳ್ಳಿಯಲ್ಲಿ ಹಲವು ಮನೆಗಳಲ್ಲಿ ರೋಗ. ಪಕ್ಕದ ಹಳ್ಳಿಯಲ್ಲಿ ಅದರ ಸುಳಿವಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೂ ಹದಿನೈದಿಪ್ಪತ್ತು ವರ್ಷಗಳ ಮೇಲೆ ಅದು ತಗಲುತ್ತಿತ್ತು. ಆದುದರಿಂದ ರಕ್ತಸಂಬಂಧವೊಂದೇ ಕಾರಣವಾಗಲಾರದು. ನೀರು, ನೆಲ, ಅನ್ನಗಳಲ್ಲಿ ಏನೋ ಇರಬೇಕು. ಹಿಟ್ಟಿನ ಗಿರಣಿಯ ಸೀಸ, ಕಾಳಿನ ಬೂಷ್ಟು, ಕಲ್ಲಿದ್ದಲಿನ ಪದರದಿಂದ ಬಾವಿಗೆ ಒಸರುವ ವಿಷ ಎಂದು ಒಂದೊಂದನ್ನೂ ಶಂಕಿಸಿದರು.

1969ರಲ್ಲಿ ಇವಿಚ್ ಎಂಬ ಸಂಶೋಧಕರು ಗೋಧಿಯ ಹೊಲದ ಕಳೆಯೊಂದರತ್ತ ಬೆರಳು ತೋರಿದರು. ಅದರ ಹೆಸರು ಅರಿಸ್ಟೊಲೋಕಿಯ ಕ್ಲೆಮಟೈಟಿಸ್. ಅದರ ಬೀಜ ಪೈರಿನೊಡನೆ ಕೊಯ್ಲಾಗಿ, ಹಿಟ್ಟಿನಲ್ಲಿ ಬೆರೆತು, ರೊಟ್ಟಿಯಾಗಿ ಹೊಟ್ಟೆ ಸೇರುತ್ತಿರಬೇಕೆಂದು ಅವರ ಊಹೆ. ಯಾರೂ ಬಿಚ್ಚದ ಓಲೆಕಟ್ಟಿನ ಶುದ್ಧಪಾಠದಂತೆ ಆ ಮಾತು ಮೂಲೆಗೆ ಬಿದ್ದಿತು. 1993ರಲ್ಲಿ ಬೆಲ್ಜಿಯಮ್ಮಿನ ವೈದ್ಯರು ಬೇರೊಂದು ಸಂಗತಿಯನ್ನು ವರದಿ ಮಾಡಿದರು. ಮೈ ಇಳಿಸಲೆಂದು ಚೀನೀ ಮೂಲಿಕೆ ಸೇರಿದ ಔಷಧ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟಿದ್ದವು. ಒಂದು ಮೂಲಿಕೆಯ ಬದಲಿಗೆ, ಆ ಕಳೆಯ ಕುಲದ್ದೇ ಆದ ಗಿಡ ಅದರಲ್ಲಿ ಸೇರಿಹೋಗಿತ್ತು. ಎರಡು ಕಡೆಯ ರೋಗಕ್ಕೂ ಹೋಲಿಕೆ ಕಂಡಿತು. 2007ರಲ್ಲಿ ಆರ್ಥರ್ ಗ್ರೋಲ್ಮನ್ ಮತ್ತು ಸಂಗಡಿಗರು ಕ್ರೊಯೇಷಿಯದ ರೋಗಿಗಳ ಮೂತ್ರಪಿಂಡದ ಡಿಎನ್‌ಎಯಲ್ಲಿ ಅರಿಸ್ಟೊಲೋಕಿಕ್ ಆಮ್ಲದ ಗುರುತು ಅಂಟಿಕೊಂಡಿರುವುದನ್ನು ತೋರಿಸಿಕೊಟ್ಟರು. ಅರ್ಬುದದಲ್ಲಿ ಕೆಟ್ಟಿದ್ದ ವಂಶವಾಹಿಯೂ ಅದೇ ವಿಷದ ಕಡೆಗೆ ಬೆರಳು ಮಾಡಿತು. ಎಂದೋ ತಿಂದ ರೊಟ್ಟಿಯ ಸಾಕ್ಷ್ಯ ದೇಹದಲ್ಲಿಯೇ ಲಿಖಿತವಾಗಿ ಉಳಿದಿತ್ತು.

ಇದು ದೂರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಈಶ್ವರಿ ಬಳ್ಳಿ ಅದೇ ಕುಲದ್ದು. ಅದೇ ಆಮ್ಲ ಅದರಲ್ಲಿಯೂ ಉಂಟು. ಅದರ ಬೇರು ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಹಿಂದಿನಿಂದ ಬಳಸಿದ್ದೇವೆ, ಏನೂ ಆಗಿಲ್ಲ ಎನ್ನುತ್ತೇವೆ. ಒಡನೆಯೇ ಕೊಲ್ಲುವ ವಿಷವನ್ನು ಅಜ್ಜಿಯ ಅನುಭವ ಗುರುತಿಸಬಲ್ಲದು. ಇಪ್ಪತ್ತು ವರ್ಷಗಳ ಮೇಲೆ ತಲೆಯೆತ್ತುವ ವಿಷವನ್ನು ಅದು ಹೇಗೆ ತಾನೆ ಗುರುತಿಸೀತು? ಅಲ್ಲಿ ಪ್ರಯೋಗಾಲಯದ ಸಾಕ್ಷ್ಯಕ್ಕೆ ಕಿವಿಗೊಡಲೇಬೇಕು.

ಮೂಲ ತಿಳಿದ ಮೇಲೆ ಪರಿಹಾರ ಸರಳವಾಗಿಯೇ ಕಾಣುತ್ತದೆ: ಹೊಲದ ಕಳೆಯನ್ನು ಕೀಳುವುದು, ಬೀಸುವ ಮೊದಲು ಕಾಳನ್ನು ಹಸನುಮಾಡುವುದು. ಇಷ್ಟನ್ನು ತಿಳಿಯಲು ಅರ್ಧ ಶತಮಾನ ಹಿಡಿಯಿತು. ಅಷ್ಟರಲ್ಲಿ ಕೆಟ್ಟುಹೋದ ಮೂತ್ರಪಿಂಡಗಳನ್ನು ಮಾತ್ರ ಆ ತಿಳಿವು ಮರಳಿ ಕೊಡಲಾರದು.