ಹೊಗೆಮೀನಿನ ಬಜ್ಜಿ

ಸುಟ್ಟ ಬದನೆಕಾಯಿಯ ಮೊಸರುಬಜ್ಜಿ ಮಾಡಲು ಬಾರದ ಗೃಹಿಣಿ ನಮ್ಮ ಕಡೆ ಸಿಕ್ಕುವುದು ಅಪರೂಪ. ಬದನೆಕಾಯಿಯನ್ನು ಕೆಂಡದ ಮೇಲೆ ಹೊರಳಿಸಿ, ಕಪ್ಪಾದ ಸಿಪ್ಪೆಯನ್ನು ಸುಲಿದು, ತಿರುಳನ್ನು ಕಿವುಚಿ ಗಟ್ಟಿ ಮೊಸರಿಗೆ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಆ ಬಜ್ಜಿಯ ರುಚಿ ಬದನೆಯದು ಎನ್ನುವುದಕ್ಕಿಂತ ಬದನೆಗೆ ಹತ್ತಿದ ಹೊಗೆಯದು ಎಂದರೆ ಸರಿಯಾದೀತು. ಇಂದು ನಾನು ಹೇಳಹೊರಟಿರುವ ತಿನಿಸು ಈ ಬಜ್ಜಿಗೆ ದೂರದ ನೆಂಟ. ಬದನೆಯ ಜಾಗದಲ್ಲಿ ಹೊಗೆಯಲ್ಲಿ ಬೆಂದ ಮೀನು, ಅಷ್ಟೆ. ನೆಂಟರಿಷ್ಟರು ಬಂದ ಸಂಜೆ ಬ್ರೆಡ್ಡಿಗೋ ನಿಪ್ಪಟ್ಟಿಗೋ ಹಚ್ಚಿಕೊಂಡು ತಿನ್ನಲು ಇದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ. ಮೀನು ತಿನ್ನದ ಸೋದರಿಯರು ಇದೇ ವಿಧಾನವನ್ನು ಅಣಬೆಗೆ ಹಚ್ಚಿ ನೋಡಬಹುದು, ಕೆಡುವುದೇನಿಲ್ಲ.

ಸಮುದ್ರದ ಸುಳಿವೇ ಇಲ್ಲದ ಊರಿಗಾಂನಲ್ಲಿ ಕುಳಿತು ಹೊಗೆಮೀನಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮೂರಿನ ಕಥೆಯೇ ಹಾಗೆ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿನ ಚಿನ್ನದ ಗಣಿಗಳಿಗೆ ಕೈ ಹಾಕಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಗಣಿಗಾರರು ಬಂದರು, ಇಟಲಿಯಿಂದಲೂ ಬಂದರು. ತಮಿಳು ಸೀಮೆಯಿಂದ, ಆಂಧ್ರದ ಕಡೆಯಿಂದ ಬಂದ ಸಾವಿರಾರು ಸಂಸಾರಗಳ ಮಾತಂತೂ ಸರಿಯೆ. ಈ ಕಾರ್ನ್‌ವಾಲಿನವರಿಗೂ ಇಟಲಿಯವರಿಗೂ ಇಲ್ಲಿಗೆ ಬರುವ ಎಷ್ಟೋ ಮೊದಲೇ ಮೀನಿನ ನಂಟಿತ್ತು. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಪಿಲ್ಚರ್ಡ್ ಎಂಬ ಮೀನನ್ನು ಕಾರ್ನ್‌ವಾಲಿನವರು ಪೀಪಾಯಿಗಟ್ಟಲೆ ಇಟಲಿಗೆ ಕಳುಹಿಸುತ್ತಿದ್ದರು. ಬಹಳ ಹಿಂದೆ ಅದಕ್ಕೆ ಹೊಗೆ ಹಾಕುವ ಪದ್ಧತಿಯಿತ್ತು. ಹೊಗೆ ಕಂಡದ್ದು ಎಂಬ ಅರ್ಥದ ‘ಫುಮಾಡೊ’ ಎಂಬ ಸ್ಪೇನಿನ ಮಾತು ಅದರ ಹೆಸರಾಗಿತ್ತು. ಮುಂದೆ ಹೊಗೆ ಬಿಟ್ಟು ಬರಿಯ ಉಪ್ಪಿಗೆ ಬಂದರೂ ಹೆಸರು ಮಾತ್ರ ಉಳಿದು, ಹಳ್ಳಿಗರ ಬಾಯಲ್ಲಿ ‘ಫೇರ್ ಮೇಡ್’ ಆಯಿತು! ನಮ್ಮ ಕಿಚಡಿಯೂ ಹೀಗೆಯೇ ಹಡಗು ಹತ್ತಿ ಹೋಗಿ, ಅಲ್ಲಿ ಬೇಳೆಯನ್ನು ಕಳೆದುಕೊಂಡು, ಹೊಗೆ ಹಾಕಿದ ಹ್ಯಾಡಕ್ ಮೀನನ್ನು ಕೂಡಿಸಿಕೊಂಡು ‘ಕೆಜರಿ’ಯಾಗಿ ದೊರೆಗಳ ಬೆಳಗಿನ ಊಟದ ಮೇಜನ್ನೇರಿತು.

ನಾನು ಮೊದಲು ಈ ರುಚಿ ಕಂಡದ್ದು ಪಕ್ಕದ ಬಂಗಲೆಯಲ್ಲಿದ್ದ ಆಂಗ್ಲೋ-ಇಂಡಿಯನ್ ಗೆಳತಿಯ ಮನೆಯಲ್ಲಿ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅವಳ ತಾಯಿ ಒಂದು ಡಬ್ಬಿ ಕಿಪ್ಪರ್ ಮೀನನ್ನು, ಅಂದರೆ ಸೀಳಿ ಹೊಗೆ ಹಾಕಿದ ಹೆರಿಂಗನ್ನು, ತೆರೆದು, ಬೆಣ್ಣೆ ನಿಂಬೆರಸ ಸೇರಿಸಿ ಕಿವುಚಿ, ಒಂದೊಂದು ತುಂಡು ರೊಟ್ಟಿಗೆ ಹಚ್ಚಿ ಓಣಿಯ ಮಕ್ಕಳಿಗೆಲ್ಲ ಕೊಡುತ್ತಿದ್ದರು. ಡಬ್ಬಿ ಒಂದೇ, ಮಕ್ಕಳು ಹತ್ತಾರು. ಹಚ್ಚಿದ್ದು ಕಣ್ಣಿಗೆ ಕಾಣುವಷ್ಟೇ. ಆದರೂ ಅದರ ರುಚಿ ನಾಲಿಗೆಯಲ್ಲಿ ಮರುವರ್ಷದವರೆಗೆ ನಿಲ್ಲುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ವರ್ಷವೇ ಗೆಳತಿಯ ಸಂಸಾರ ಆಸ್ಟ್ರೇಲಿಯಕ್ಕೆ ಹೊರಟುಹೋಯಿತು. ಹೋಗಲಾರದೆ ಉಳಿದ ಮನೆಗಳವರು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರಲು ಕಲಿತರು.

ಹತ್ತು ವರ್ಷದ ಮೇಲೆ, 2011ರ ಏಪ್ರಿಲಿನಲ್ಲಿ, ಆ ಗೆಳತಿ ಇಬ್ಬರು ಮಕ್ಕಳೊಡನೆ ನಮ್ಮ ಮನೆಗೆ ಬಂದಳು. ಅವಳ ತಾಯಿ ಆಗ ತೀರಿಕೊಂಡಿದ್ದರು. ಆ ರುಚಿಯನ್ನೇ ಅವಳ ಮುಂದಿಡಬೇಕೆಂದು ನನಗೆ ಹಟ ಹಿಡಿಯಿತು. ಯಜಮಾನರು ಬೆಂಗಳೂರಿನಿಂದ ಬಂಗುಡೆ ತಂದರು. ಮಧ್ಯಾಹ್ನ ಕೊಂಡ ಮೀನು ಬಟ್ಟೆಚೀಲದಲ್ಲಿ ಕೂತು, ಕಛೇರಿಯ ಮೇಜಿನಡಿ ಸಂಜೆ ಕಳೆದು, ಎರಡು ಗಂಟೆಗೂ ಮೀರಿದ ರೈಲು ಪ್ರಯಾಣ ಮುಗಿಸಿ ಮನೆ ಸೇರಿತು. ವಾಸನೆ ನೋಡಿದೆ, ಏನೂ ಇರಲಿಲ್ಲ. ಚೆನ್ನಾಗಿ ಹೊಗೆ ಹಾಕಿದೆ, ಚೆನ್ನಾಗಿಯೇ ಬೇಯಿಸಿದೆ. ತಿಂದು ಅರ್ಧ ಗಂಟೆಯಾಗಿರಲಿಲ್ಲ, ಗೆಳತಿಯ ಮುಖ ಕುತ್ತಿಗೆಯೆಲ್ಲ ಕೆಂಪೇರಿತು. ತಲೆ ಸಿಡಿಯುತ್ತಿದೆ ಎಂದಳು. ಚಿಕ್ಕ ಮಗುವಿನ ಮೈಮೇಲೆ ದದ್ದುಗಳೆದ್ದವು. ಆ ರಾತ್ರಿ ನಾನು ಪಟ್ಟ ಪಾಡನ್ನು ಯಾವ ಅತಿಥೇಯಳೂ ಪಡದಿರಲಿ.

ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಯಾವ ಮೀನು, ಎಷ್ಟು ಹೊತ್ತು ಮಂಜುಗಡ್ಡೆಯಿಲ್ಲದೆ ಇತ್ತು? ಔಷಧ ಕೊಟ್ಟರು, ಬೆಳಗಾಗುವಷ್ಟರಲ್ಲಿ ಇಬ್ಬರೂ ಚೇತರಿಸಿಕೊಂಡರು. ಆಮೇಲೆ ಅವರು ತಿಳಿಸಿಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಬಂಗುಡೆ, ಗೆದರೆ, ಬೂತಾಯಿ ಮುಂತಾದ ಕೆಂಪು ಮಾಂಸದ ಸಮುದ್ರಮೀನುಗಳಲ್ಲಿ ಹಿಸ್ಟಿಡಿನ್ ಎಂಬ ವಸ್ತು ಹೇರಳವಾಗಿದೆ. ಮೀನು ಬೆಚ್ಚಗಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ದದ್ದು, ಕೆಂಪು, ತಲೆಸಿಡಿತ ಇವೆಲ್ಲ ಅದರ ಆಟ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೆಂಕಿಗೂ ಹೋಗುವುದಿಲ್ಲ, ಹೊಗೆಗೂ ಹೋಗುವುದಿಲ್ಲ, ಉಪ್ಪಿಗೂ ಹೋಗುವುದಿಲ್ಲ. ಮತ್ತೆ ಮಂಜಿನಲ್ಲಿಟ್ಟರೂ ಹೋಗುವುದಿಲ್ಲ. ಮೂಗಿಗಂತೂ ತಿಳಿಯಲೇಬೇಕೆಂದಿಲ್ಲ. ಹೊಗೆ ಹಾಕಿದ್ದು ಕೆಡುವುದಿಲ್ಲ ಎಂಬ ಭ್ರಮೆ ನನಗಿತ್ತು. ಲಕ್ಷದ್ವೀಪದ ‘ಮಾಸ್’ ತಿಂಗಳುಗಟ್ಟಲೆ ಉಳಿಯುವುದು ನಿಜ. ಆದರೆ ಅದು ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಕಟ್ಟಿಗೆಯಂತೆ ಒಣಗಿಸಿದ್ದು. ನಮ್ಮದು ಮೆತ್ತಗಿನ ಮೀನು. ಇಲ್ಲಿ ಹೊಗೆ ರುಚಿಗೆ ಮಾತ್ರ.

ಆದ್ದರಿಂದ ಮೊದಲು ಮೀನು ತರುವ ವಿಚಾರ. ಕೆರೆಯ ಕಾಟ್ಲಾ ರೋಹುಗಳು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಕ್ಕುತ್ತವೆ, ಅವುಗಳಲ್ಲಿ ಈ ಹಿಸ್ಟಮಿನ್ನಿನ ಕಾಟವೂ ಕಡಮೆ. ಆದರೆ ಅವುಗಳ ಮಾಂಸದಲ್ಲಿ ಕವಲೊಡೆದ ಸಣ್ಣ ಮುಳ್ಳುಗಳು ಅಡಗಿರುತ್ತವೆ. ಸಾರಿನಲ್ಲಾದರೆ ತಿನ್ನುವವರು ಎಚ್ಚರದಿಂದ ಬಿಡಿಸಿಕೊಳ್ಳುತ್ತಾರೆ, ಕಿವುಚಿದ ಬಜ್ಜಿಯಲ್ಲಿ ಯಾರು ನೋಡುತ್ತಾರೆ? ಬಂಗುಡೆಯ ನಡುಮುಳ್ಳು ಒಂದೇ ಎಳೆತಕ್ಕೆ ಬರುತ್ತದೆ. ಮೇಲಾಗಿ ಎಣ್ಣೆಯಂಶವುಳ್ಳ ಮೀನಿಗೆ ಹೊಗೆ ಚೆನ್ನಾಗಿ ಹತ್ತುತ್ತದೆ. ಹಾಗಾಗಿ ಬಂಗುಡೆಯೇ ಸರಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ಬೀಳಬಾರದು, ಮತ್ತು ಅಂಗಡಿಯಲ್ಲಿ ಅದು ಮಂಜುಗಡ್ಡೆಯ ಮೇಲಲ್ಲ, ಮಂಜುಗಡ್ಡೆಯ ಒಳಗೆ ಮಲಗಿರಬೇಕು. ಮನೆಯಿಂದ ಮುಚ್ಚಳದ ಥರ್ಮಕೋಲ್ ಪೆಟ್ಟಿಗೆಯನ್ನೇ ಒಯ್ಯಿರಿ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಿಸಿ. ರೈಲಿನಲ್ಲಿ ಪಕ್ಕದವರು ಮೂಗು ಮುರಿದರೆ ಮುರಿಯಲಿ.

ಒಂದು ಕಿಲೋ ಬಂಗುಡೆಯನ್ನು ತಲೆ ಕರುಳು ತೆಗೆದು, ಬೆನ್ನಿನ ಕಡೆಯಿಂದ ಪುಸ್ತಕದಂತೆ ಬಿಡಿಸಿ ತೊಳೆಯಿರಿ. ಒಂದು ಲೀಟರ್ ತಣ್ಣೀರಿಗೆ 60 ಗ್ರಾಂ ಉಪ್ಪು, ಒಂದು ಚಮಚ ಬೆಲ್ಲ ಕರಗಿಸಿ ಅದರಲ್ಲಿ ಅರ್ಧ ಗಂಟೆ ಮುಳುಗಿಸಿ, ರೆಫ್ರಿಜರೇಟರಿನಲ್ಲಿಡಿ. ಆಮೇಲೆ ಬಟ್ಟೆಯಿಂದ ಒತ್ತಿ ಒರೆಸಿ, ಜಾಲರಿಯ ಮೇಲೆ ಹರಡಿ, ಮುಚ್ಚದೆ ಮತ್ತೆ ರೆಫ್ರಿಜರೇಟರಿನಲ್ಲೇ ಒಂದೆರಡು ಗಂಟೆ ಆರಲು ಬಿಡಿ. ಮುಟ್ಟಿದರೆ ಬೆರಳಿಗೆ ಅಂಟಂಟಾಗಿ ಹತ್ತಬೇಕು. ಈ ಅಂಟುಪೊರೆಗೇ ಹೊಗೆ ಹಿಡಿಯುವುದು. ಒದ್ದೆ ಮೀನಿಗೆ ಹಿಡಿಯುವುದು ಮಸಿ. ಹಿತ್ತಿಲಲ್ಲಿ ಆರಿಸುವ ಅಭ್ಯಾಸ ಬೇಡ. ಸಯನೈಡ್ ದಿಬ್ಬಗಳ ಕಡೆಯಿಂದ ಗಾಳಿ ಬೀಸುವ ದಿನ ಒಣಹಾಕಿದ ಬಟ್ಟೆಯನ್ನೇ ನಾವು ಒಳಗೆ ತರುತ್ತೇವೆ, ಇನ್ನು ಮೀನಿನ ಮಾತೇಕೆ?

ಹೊಗೆಗೆ ಮಾವಿನ ಚಕ್ಕೆಯಂಥದು ಇನ್ನೊಂದಿಲ್ಲ. ಶ್ರೀನಿವಾಸಪುರದ ಕಡೆಯ ತೋಟಗಳಲ್ಲಿ ಕಡಿದ ಒಣಗಿದ ಕೊಂಬೆಗಳು ಸಿಕ್ಕುತ್ತವೆ. ಸೀಬೆಯ ಕಡ್ಡಿಯೂ ಆದೀತು. ನಮ್ಮ ಸೀಮೆಯಲ್ಲಿ ಎಲ್ಲೆಲ್ಲೂ ನಿಂತಿರುವ ನೀಲಗಿರಿಯನ್ನು ಮಾತ್ರ ಮುಟ್ಟಬೇಡಿ. ಮೀನು ನೆಗಡಿಯ ತೈಲದಂತೆ ನಾರುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ಡಿನ ಹೊಟ್ಟು ವಿಷ. ಚಕ್ಕೆ ಸಿಕ್ಕದಿದ್ದರೆ ಅರ್ಧ ಬಟ್ಟಲು ಅಕ್ಕಿ, ಎರಡು ಚಮಚ ಚಹಾಪುಡಿ, ಎರಡು ಚಮಚ ಬೆಲ್ಲ ಕಲಸಿಕೊಳ್ಳಿ. ಚೀನೀಯರು ಬಾತುಕೋಳಿಗೆ ಹೊಗೆ ಹಾಕುವುದು ಹೆಚ್ಚುಕಡಮೆ ಹೀಗೆಯೇ.

ಹಳೆಯ ಕಬ್ಬಿಣದ ಬಾಣಲೆಯೊಂದನ್ನು ಈ ಕೆಲಸಕ್ಕೆಂದೇ ಇಟ್ಟುಬಿಡಿ. ಅಂಟದ ಲೇಪದ ಪಾತ್ರೆ ಕೂಡದು. ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಎರಡು ಹಿಡಿ ಚಕ್ಕೆ ಹರಡಿ, ಬಯಲಿನಲ್ಲಿ ಒಲೆ ಹೊತ್ತಿಸಿ. ಮೊದಲು ಏಳುವ ಬಿಳಿಯ ದಟ್ಟ ಹೊಗೆ ಕಹಿ, ಅದು ಹೋಗಲಿ. ತೆಳ್ಳಗೆ ನೀಲಿಯಾದಾಗ ಎಣ್ಣೆ ಸವರಿದ ಜಾಲರಿಯಲ್ಲಿ ಮೀನನ್ನು, ಚರ್ಮ ಕೆಳಗಾಗಿ, ಒಂದಕ್ಕೊಂದು ತಾಗದಂತೆ ಇಟ್ಟು, ಮುಚ್ಚಳ ಹಾಕಿ ಅಂಚಿಗೆ ಒದ್ದೆ ಬಟ್ಟೆ ಸುತ್ತಿ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ನಡುನಡುವೆ ತೆರೆದು ನೋಡುವ ಚಪಲ ಬೇಡ. ಆಮೇಲೆ ಅತಿ ದಪ್ಪ ಭಾಗವನ್ನು ಬಿಡಿಸಿ ನೋಡಿ: ಒಳಗೂ ಬೆಳ್ಳಗಾಗಿ ಎಸಳೆಸಳಾಗಿ ಬಿಡಬೇಕು. ಉಷ್ಣಮಾಪಕವಿದ್ದವರು ಚುಚ್ಚಿ ನೋಡಿದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಮುಟ್ಟದಿದ್ದರೆ ಇನ್ನೈದು ನಿಮಿಷ.

ಇನ್ನುಳಿದದ್ದು ಸಲೀಸು. ಅರ್ಧ ಲೀಟರ್ ಕೆನೆಮೊಸರನ್ನು ಹಿಂದಿನ ರಾತ್ರಿಯೇ ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯಲ್ಲಿಟ್ಟು, ರೆಫ್ರಿಜರೇಟರಿನಲ್ಲಿ ನೀರಿಳಿಸಿರಿ. ಮೀನು ಆರಿದ ಮೇಲೆ ಚರ್ಮ ಮುಳ್ಳು ತೆಗೆದರೆ ಅರ್ಧಕ್ಕೂ ಕಡಮೆ ಉಳಿಯುತ್ತದೆ. ಅದರಲ್ಲಿ 300 ಗ್ರಾಂ ತೆಗೆದುಕೊಂಡು ಎರಡು ಪಾಲು ಮಾಡಿ. ಒಂದು ಪಾಲನ್ನು 50 ಗ್ರಾಂ ಮೆತ್ತಗಿನ ಬೆಣ್ಣೆಯೊಡನೆ ಮುಳ್ಳುಚಮಚದಿಂದ ನುಣ್ಣಗೆ ಕಿವುಚಿ, ಗಟ್ಟಿ ಮೊಸರಿಗೆ ಬೆರೆಸಿ. ಇನ್ನೊಂದನ್ನು ಎಸಳಾಗಿಯೇ ಸೇರಿಸಿ. ಮಿಕ್ಸಿಗೆ ಹಾಕಿದಿರೋ, ಗೋಡೆಗೆ ಪೋಸ್ಟರು ಅಂಟಿಸುವ ಸರಿಯಾದೀತು. ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸು, ಕುಟ್ಟಿದ ಕರಿಮೆಣಸು, ಅರ್ಧ ನಿಂಬೆಯ ರಸ, ಕೊತ್ತಂಬರಿ. ಉಪ್ಪನ್ನು ರುಚಿ ನೋಡಿಯೇ ಹಾಕಿ. ಮೀನು ಆಗಲೇ ಉಪ್ಪು ಕುಡಿದಿದೆ. ಎಂಟು ಜನಕ್ಕೆ ಸಾಕು. ಅಂದಿನ ಹೊಗೆ ಸ್ವಲ್ಪ ಒರಟು, ಮರುದಿನಕ್ಕೆ ಹದವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಮಾಡಿಡುವುದು ಲೇಸು.

ಮೀನಿಗೆ ಮೊಸರೇ ಎಂದು ಹುಬ್ಬೇರಿಸುವ ಹಿರಿಯರು ನಿಮ್ಮ ಮನೆಯಲ್ಲಿಯೂ ಇರಬಹುದು. ಹಾಲು ಮೀನು ಕೂಡಿದರೆ ವಿರುದ್ಧಾಹಾರವೆಂದು ಆಯುರ್ವೇದದ ಗ್ರಂಥಗಳು ಹೇಳುವುದುಂಟು. ಬಂಗಾಳಿಗಳು ಮೊಸರಿನಲ್ಲೇ ಮೀನು ಬೇಯಿಸಿ ಮದುವೆಯೂಟಕ್ಕೆ ಬಡಿಸುತ್ತಾರೆ ಎಂದು ವಾದ ಹೂಡಬಹುದು. ನಾನು ಹೂಡುವುದಿಲ್ಲ. ನಮ್ಮ ಅತ್ತೆಯವರ ಪಾಲಿಗೆಂದು ಬೆಣ್ಣೆಯನ್ನೂ ಬಿಟ್ಟು, ನೆನೆಸಿದ ಗೋಡಂಬಿಯನ್ನು ಗಟ್ಟಿ ತೆಂಗಿನ ಹಾಲಿನಲ್ಲಿ ಅರೆದು ಅದರಲ್ಲಿ ಕಲಸುತ್ತಿದ್ದೆ. ಕೆನೆಯ ನುಣುಪಿಗೆ ಅದೇನೂ ಕಡಮೆಯಲ್ಲ.

ಬಡಿಸುವಾಗ ಇದ್ದದ್ದನ್ನೆಲ್ಲ ಒಮ್ಮೆಗೇ ಮೇಜಿಗೆ ತರಬೇಡಿ. ಚಿಕ್ಕ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪ ತನ್ನಿ. ಎರಡು ಗಂಟೆ ಹೊರಗಿದ್ದುದನ್ನು ಮತ್ತೆ ಒಳಗಿಡದೆ ಚೆಲ್ಲಿಬಿಡಿ. ತಣ್ಣಗಿಟ್ಟದ್ದು ಕೂಡ ಮೂರು ದಿನಕ್ಕೆ ಮುಗಿಯಬೇಕು. ಸುಟ್ಟ ಬ್ರೆಡ್ಡು, ಸೌತೆಕಾಯಿ ಬಿಲ್ಲೆ, ನಿಪ್ಪಟ್ಟು, ಗರಿಗರಿ ರಾಗಿರೊಟ್ಟಿ ಯಾವುದಾದರೂ ಜೊತೆಗಾದೀತು. ನೀರಿನಂತೆ ತಿಳಿಯಾದ ಪಾನಿಗೆ ಹೆಸರಾದ ಬಂಗಾರಪೇಟೆಯ ಪಾನಿಪೂರಿಯನ್ನು ಬಲ್ಲಿರಷ್ಟೆ? ಆ ಬರಿಯ ಪೂರಿಗಳನ್ನು ಕೊಂಡುತಂದು, ತಲೆ ಒಡೆದು, ಒಳಗೊಂದು ಚಮಚ ಈ ಬಜ್ಜಿ ತುಂಬಿ ಕೊಡುವುದು ನಮ್ಮ ಮನೆಯ ಹುಡುಗರ ಶೋಧ.

ಗೆಳತಿ 2013ರ ಡಿಸೆಂಬರಿನಲ್ಲಿ ಮತ್ತೆ ಬಂದಳು. ಮೇಜಿನ ಮೇಲೆ ಬಟ್ಟಲನ್ನಿಟ್ಟು, ತಿನ್ನು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೂಲೆಯಲ್ಲಿದ್ದ ಥರ್ಮಕೋಲ್ ಪೆಟ್ಟಿಗೆಯನ್ನು ತೋರಿಸಿದೆ. ಅವಳು ನಕ್ಕು, ಮೊದಲ ತುಂಡನ್ನು ಕಣ್ಣಿಗೆ ಕಾಣುವಷ್ಟೇ ಹಚ್ಚಿ, ತನ್ನ ಚಿಕ್ಕ ಮಗುವಿನ ಕೈಗೆ ಕೊಟ್ಟಳು.