ತಲುಪದ ತಂತಿ, ಮುರಿದ ಸೇತುವೆ

(ಇಂಜಿನಿಯರುಗಳ ದಿನಾಚರಣೆಯ ಅಂಗವಾಗಿ ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ)



ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನದಂದು ಕಟ್ಟಿ ನಿಲ್ಲಿಸಿದ್ದರ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಬಿದ್ದುಹೋದದ್ದರ ಬಗ್ಗೆ ಮಾತನಾಡುತ್ತೇನೆ. ನಾನು ಇಂಜಿನಿಯರ್ ಅಲ್ಲ, ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಪಡೆದ ವರದಿಗಾರ. ಬೀಳದ ಹಾಗೆ ಕಟ್ಟುವುದು ನಿಮ್ಮ ಕೆಲಸ, ಬಿದ್ದ ಮೇಲೆ ಹೋಗಿ ನೋಡುವುದು ನಮ್ಮದು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಆಡುವ ಹಕ್ಕು ನನಗೂ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮನೆ ಕಟ್ಟುವಾಗ ತಪ್ಪಾದರೆ ಒಂದು ಗೋಡೆ ಒಡೆದು ಮತ್ತೆ ಕಟ್ಟಬಹುದು. ದೊಡ್ಡ ಕಾಮಗಾರಿಗಳಲ್ಲಿ ಹಾಗಲ್ಲ. ಅಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಅದರ ಮೇಲೆ ಸಾವಿರಾರು ಟನ್ ಉಕ್ಕು ಕೂತಿರುತ್ತದೆ, ಕೋಟಿಗಟ್ಟಲೆ ಹಣ ಕೂತಿರುತ್ತದೆ, ದೊಡ್ಡವರ ಹೆಸರೂ ಕೂತಿರುತ್ತದೆ. ಇಷ್ಟನ್ನೆಲ್ಲ ಎತ್ತಿ ಕೆಳಗಿನ ತಪ್ಪನ್ನು ತೋರಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ಇದಕ್ಕೆ ಕೆನಡಾ ದೇಶದ ಕ್ವಿಬೆಕ್ ಸೇತುವೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿ ಆಳವಾಗಿ, ರಭಸವಾಗಿ ಹರಿಯುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆ ತೇಲಿ ಬರುತ್ತದೆ. ಅಲ್ಲಿ ರೈಲು ಸೇತುವೆ ಕಟ್ಟಲು ಆರಿಸಿಕೊಂಡದ್ದು ಕ್ಯಾಂಟಿಲಿವರ್ ವಿಧಾನ. ಗೋಡೆಯಿಂದ ಹೊರಚಾಚಿದ ಸಜ್ಜೆಯ ಹಾಗೆ ಎರಡೂ ದಡದ ಕಂಬಗಳಿಂದ ಉಕ್ಕಿನ ತೋಳುಗಳನ್ನು ನದಿಯ ಮೇಲೆ ಚಾಚುತ್ತ ಹೋಗಿ, ನಡುವೆ ಸೇರಿಸುವುದು. ಇದರ ಸಲಹಾ ಇಂಜಿನಿಯರ್ ನ್ಯೂಯಾರ್ಕಿನ ಥಿಯೋಡರ್ ಕೂಪರ್. ಅಮೆರಿಕದ ಸೇತುವೆ ಇಂಜಿನಿಯರುಗಳಲ್ಲಿ ದೊಡ್ಡ ಹೆಸರು. ಉಕ್ಕಿನ ಕೆಲಸ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್ ಊರಿನ ಫೀನಿಕ್ಸ್ ಬ್ರಿಜ್ ಕಂಪನಿಯದು.

ಮೊದಲು ಕಂಬದಿಂದ ಕಂಬಕ್ಕೆ 1,600 ಅಡಿ ಅಂತರ ಎಂದು ನಿಶ್ಚಯವಾಗಿತ್ತು. 1900ರಲ್ಲಿ ಕೂಪರ್ ಅದನ್ನು 1,800 ಅಡಿಗೆ ಏರಿಸಿದರು. ಕಂಬಗಳು ದಡದ ಹತ್ತಿರ ಬಂದರೆ ನೀರಿನ ಆಳ ಕಡಿಮೆ, ಮಂಜುಗಡ್ಡೆಯ ಕಾಟವೂ ಕಡಿಮೆ ಎಂಬ ಕಾರಣ ಸರಿಯಾಗಿಯೇ ಇತ್ತು. ಜೊತೆಗೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ 1,710 ಅಡಿಯನ್ನು ಮೀರಿಸಿ ಇದು ಜಗತ್ತಿನಲ್ಲೇ ದೊಡ್ಡದಾಗುತ್ತಿತ್ತು.

ಇಂಥ ಸೇತುವೆ ಹೊರಬೇಕಾದ ದೊಡ್ಡ ಭಾರ ರೈಲಿನದಲ್ಲ, ತನ್ನದೇ. ನಿಮಗೆ ಗೊತ್ತಿರುವ ಹಾಗೆ, ವಿನ್ಯಾಸ ಮಾಡುವಾಗ ಮೊದಲು ಒಂದು ತೂಕವನ್ನು ಅಂದಾಜು ಹಿಡಿಯಬೇಕು. ನಕ್ಷೆಗಳು ಸಿದ್ಧವಾದ ಮೇಲೆ ನಿಜವಾದ ತೂಕ ತೆಗೆದು ಲೆಕ್ಕವನ್ನು ಮತ್ತೆ ಹಾಕಬೇಕು. ಕ್ವಿಬೆಕ್‌ನಲ್ಲಿ ಅಂತರ 200 ಅಡಿ ಹೆಚ್ಚಾಯಿತು. ತೂಕದ ಲೆಕ್ಕ ಮಾತ್ರ ಹಳೆಯದೇ ಉಳಿಯಿತು. ಸೇತುವೆ ಕಂಪನಿಯ ಬಳಿ ಹಣ ಸಾಲದೆ ವರ್ಷಗಳು ಸುಮ್ಮನೆ ಕಳೆದಿದ್ದವು. ಹಣ ಬಂದೊಡನೆ ಎಲ್ಲರಿಗೂ ಅವಸರ. ಕೂಪರ್ ಅವರ ಲೆಕ್ಕವನ್ನು ಇನ್ನೊಬ್ಬ ತಜ್ಞರಿಂದ ಪರಿಶೀಲಿಸುವ ಸಲಹೆ ಸರ್ಕಾರದ ಕಡೆಯಿಂದ ಬಂದಿತ್ತು. ಅದು ತಮಗೆ ಅವಮಾನ ಎಂದು ಅವರು ಒಪ್ಪಲಿಲ್ಲ.

1906ರಲ್ಲಿ ನಿಜವಾದ ತೂಕ ತಿಳಿಯಿತು. ಕಂಬಿಗಳ ಮೇಲಿನ ಒತ್ತಡ ಲೆಕ್ಕ ಹಿಡಿದದ್ದಕ್ಕಿಂತ ಶೇಕಡ 7ರಿಂದ 10ರಷ್ಟು ಹೆಚ್ಚಾಗುತ್ತಿತ್ತು. ಅಷ್ಟರಲ್ಲಿ ಬಹುಪಾಲು ಉಕ್ಕು ತಯಾರಾಗಿ, ಕೆಲವು ಭಾಗ ಎದ್ದು ನಿಂತೂ ಆಗಿತ್ತು. ಕೂಪರ್ ಮುಂದೆ ಎರಡೇ ದಾರಿ: ಕಟ್ಟಿದ್ದನ್ನು ಬಿಚ್ಚುವುದು, ಇಲ್ಲವೇ ಹೆಚ್ಚಿನ ಒತ್ತಡವನ್ನು ಪರವಾಗಿಲ್ಲ ಎಂದು ಒಪ್ಪುವುದು. ಅವರು ಎರಡನೆಯದನ್ನು ಆರಿಸಿಕೊಂಡರು.

ಈಗ ಸ್ಥಳಕ್ಕೆ ಬರೋಣ. ಕೂಪರ್ ವಯಸ್ಸಾದವರು, ಆರೋಗ್ಯವೂ ಸರಿಯಿರಲಿಲ್ಲ. ಉಕ್ಕಿನ ತೋಳು ನದಿಯ ಮೇಲೆ ಏಳುತ್ತಿದ್ದಾಗ ಅವರು ಒಮ್ಮೆಯೂ ಅಲ್ಲಿಗೆ ಬರಲಿಲ್ಲ. ಅವರ ಕಣ್ಣಾಗಿ ಅಲ್ಲಿದ್ದವರು ನಾರ್ಮನ್ ಮ್ಯಾಕ್ಲೂರ್ ಎಂಬ ಎಳೆಯ ಇಂಜಿನಿಯರ್. 1907ರ ಆಗಸ್ಟಿನಲ್ಲಿ ಕೆಳಗಿನ ಕಂಬಿಗಳು ಸ್ವಲ್ಪ ಬಾಗಿರುವುದು ಅವರ ಕಣ್ಣಿಗೆ ಬಿತ್ತು. ಹಿಡಿಸೂಡಿಯ ಒಂದು ಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿ ನೋಡಿ. ಮೊದಲು ನೆಟ್ಟಗಿರುತ್ತದೆ, ಆಮೇಲೆ ತುಸು ಬಾಗುತ್ತದೆ, ಒಮ್ಮೆ ಬಾಗತೊಡಗಿದ ಮೇಲೆ ಅದೇ ಒತ್ತಡಕ್ಕೆ ಪಟ್ಟೆಂದು ಮುರಿಯುತ್ತದೆ. ಕ್ಯಾಂಟಿಲಿವರ್ ತೋಳಿನ ಕೆಳಗಿನ ಕಂಬಿಗಳ ಸ್ಥಿತಿ ಇದೇ.

ಮ್ಯಾಕ್ಲೂರ್ ಪತ್ರ ಬರೆದರು. ಕೂಪರ್ ಕಂಪನಿಯನ್ನು ಕೇಳಿದರು. ಕಂಬಿ ಜೋಡಿಸುವ ಮೊದಲೇ ಬಾಗಿತ್ತು ಎಂದು ಕಂಪನಿ ಉತ್ತರ ಕೊಟ್ಟಿತು. ಪತ್ರಗಳು ಓಡಾಡುತ್ತಿದ್ದಾಗ ಕೆಲಸವೂ ನಡೆಯುತ್ತಿತ್ತು, ತೋಳಿನ ಭಾರ ದಿನದಿನಕ್ಕೆ ಏರುತ್ತಿತ್ತು. ಆಗಸ್ಟ್ 27ರಂದು ಅಳೆದಾಗ ಒಂದು ಕಂಬಿಯ ಬಾಗು ಮುಕ್ಕಾಲು ಅಂಗುಲದಿಂದ ಎರಡೂಕಾಲು ಅಂಗುಲಕ್ಕೆ ಏರಿತ್ತು. ಜೋಡಿಸಿದ ಮೇಲೆ ಬಾಗು ಬೆಳೆಯುತ್ತಿದೆ ಎಂದಮೇಲೆ ಕಂಪನಿಯ ಉತ್ತರಕ್ಕೆ ಅರ್ಥವೇ ಉಳಿಯಲಿಲ್ಲ. ಮ್ಯಾಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೋದರು.

ಆಗಸ್ಟ್ 29ರಂದು ಕೂಪರ್ ವಿಷಯ ಕೇಳಿದರು, ಅದರ ತೀವ್ರತೆ ಅವರಿಗೆ ಅರ್ಥವಾಯಿತು. ಸೇತುವೆಯ ಮೇಲೆ ಇನ್ನು ಭಾರ ಹಾಕಬೇಡಿ ಎಂದು ಮಧ್ಯಾಹ್ನ ತಂತಿ ಕಳಿಸಿದರು. ಕಳಿಸಿದ್ದು ಕ್ವಿಬೆಕ್ಕಿಗಲ್ಲ, ಕಂಪನಿಯ ಕಚೇರಿ ಇದ್ದ ಫೀನಿಕ್ಸ್‌ವಿಲ್‌ಗೆ. ಸ್ಥಳದಲ್ಲಿ ಕೆಲಸ ನಿಂತಿದೆ ಎಂದೇ ಅವರು ತಿಳಿದಿದ್ದರು. ಫೀನಿಕ್ಸ್‌ವಿಲ್‌ನಿಂದ ಆ ಮಾತು ಮುಂದೆ ಹೋಗಲಿಲ್ಲ. ಸಂಜೆ ಮ್ಯಾಕ್ಲೂರ್ ಅಲ್ಲಿಗೆ ಹೋದರು, ಸಭೆ ಕೂತಿತು, ಬೆಳಿಗ್ಗೆ ನೋಡೋಣ ಎಂದು ತೀರ್ಮಾನವಾಯಿತು.

ಸಂಜೆ 5 ಗಂಟೆ 37 ನಿಮಿಷಕ್ಕೆ ಸೇತುವೆಯ ದಕ್ಷಿಣ ಭಾಗ ಪೂರ್ತಿ ಕುಸಿಯಿತು. ಸುಮಾರು 19,000 ಟನ್ ಉಕ್ಕು ಬೀಳಲು ಹಿಡಿದದ್ದು ಕೆಲವೇ ಸೆಕೆಂಡು. ಮೇಲೆ 86 ಜನ ಕೆಲಸಗಾರರಿದ್ದರು, 75 ಜನ ಸತ್ತರು. ಉಕ್ಕಿನಡಿ ಸಿಕ್ಕು ಬದುಕಿದ್ದವರಲ್ಲಿ ಕೆಲವರು, ಏರಿಬಂದ ಭರತದ ನೀರಿನಲ್ಲಿ ಮುಳುಗಿದರು. ಸತ್ತವರಲ್ಲಿ 33 ಜನ ಕಾನವಾಕೆ ಎಂಬ ಒಂದೇ ಊರಿನ ಮೊಹಾಕ್ ಬುಡಕಟ್ಟಿನವರು. ಆ ಊರಿನ ಸ್ಮಶಾನದಲ್ಲಿ ಅವರ ಗೋರಿಗಳ ಮೇಲೆ ಉಕ್ಕಿನ ತೊಲೆಗಳಿಂದ ಮಾಡಿದ ಶಿಲುಬೆಗಳಿವೆ. ಇನ್ನು ಮುಂದೆ ಊರಿನ ಗಂಡಸರೆಲ್ಲ ಒಂದೇ ಕೆಲಸಕ್ಕೆ ಹೋಗಕೂಡದು ಎಂದು ಅಲ್ಲಿನ ಹೆಂಗಸರು ಹಟ ಹಿಡಿದರೆಂದು ಹೇಳುತ್ತಾರೆ. ದುಬಾರಿ ತಪ್ಪು ಎನ್ನುವಾಗ ನಾವು ರೂಪಾಯಿ ಎಣಿಸುತ್ತೇವೆ. ಆ ಹೆಂಗಸರು ಎಣಿಸಿದ್ದು ಬೇರೆ.

ಮುಂದಿನ ವರ್ಷ ಬಂದ ತನಿಖಾ ಆಯೋಗದ ವರದಿಯ ಸಾರ ಇಷ್ಟು: ಗಾಳಿಯಿಂದಲ್ಲ, ಕಳಪೆ ಉಕ್ಕಿನಿಂದಲ್ಲ, ಕೆಳಗಿನ ಕಂಬಿಗಳ ವಿನ್ಯಾಸದ ದೋಷದಿಂದ ಸೇತುವೆ ಬಿತ್ತು. ಕೂಪರ್ ಮತ್ತು ಕಂಪನಿಯ ವಿನ್ಯಾಸಕಾರ ಪೀಟರ್ ಸ್ಲಾಪ್ಕಾ ಅವರ ತೀರ್ಮಾನಗಳು ತಪ್ಪಾಗಿದ್ದವು. ಕೆಲಸ ನಿಲ್ಲಿಸಿ ಎನ್ನುವ ಅನುಭವವೂ ಅಧಿಕಾರವೂ ಇರುವವರು ಸ್ಥಳದಲ್ಲಿ ಇರಲೇ ಇಲ್ಲ.

ಎರಡನೆಯ ಸಲ ಸುಮಾರು ಎರಡೂವರೆ ಪಟ್ಟು ಉಕ್ಕು ಹಾಕಿ ಕಟ್ಟಿದರು. ಆಗಲೂ ಗ್ರಹಚಾರ ಬಿಡಲಿಲ್ಲ. 1916ರ ಸೆಪ್ಟೆಂಬರ್ 11ರಂದು ನಡುವಿನ ಭಾಗವನ್ನು ನದಿಯಿಂದ ಮೇಲೆತ್ತುವಾಗ ಆಧಾರದ ಒಂದು ಎರಕದ ತುಂಡು ಮುರಿದು 13 ಜನ ಸತ್ತರು. ಮರುವರ್ಷ ಸೇತುವೆ ಮುಗಿಯಿತು. ಕ್ಯಾಂಟಿಲಿವರ್ ಸೇತುವೆಗಳಲ್ಲಿ ಅದರ ಅಂತರ ಇಂದಿಗೂ ಜಗತ್ತಿನಲ್ಲೇ ಹೆಚ್ಚು. ಕೆನಡಾದಲ್ಲಿ ಇಂಜಿನಿಯರಿಂಗ್ ಮುಗಿಸಿದವರು 1925ರಿಂದ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುವ ಪದ್ಧತಿ ಇದೆ. ಮೊದಲ ಉಂಗುರಗಳನ್ನು ಬಿದ್ದ ಸೇತುವೆಯ ಕಬ್ಬಿಣದಿಂದಲೇ ಮಾಡಿದ್ದು ಎಂಬ ಮಾತು ನಿಜವಲ್ಲ. ಜನ ಹಾಗೆ ನಂಬಿದ್ದಾರೆ ಎನ್ನುವುದೇ ಸಾಕಷ್ಟು ಹೇಳುತ್ತದೆ.

ಇದು ಪರದೇಶದ ಕತೆ ಎನ್ನಬೇಡಿ. ನಮ್ಮ ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಡದ ಕೈಗಾದಲ್ಲಿ, 1994ರ ಮೇ 13ರಂದು ಮೊದಲನೆಯ ಪರಮಾಣು ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಸುಮಾರು 130 ಟನ್. ಹದಿನಾಲ್ಕು ಜನ ಗಾಯಗೊಂಡರು. ಇಂಧನ ಇನ್ನೂ ಹಾಕಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಏಳಲಿಲ್ಲ.

ಆ ಗುಮ್ಮಟದಲ್ಲಿ ಕಾಂಕ್ರೀಟಿನೊಳಗೆ ಉಕ್ಕಿನ ತಂತಿಗಳ ಕಟ್ಟುಗಳನ್ನು ಹಾಯಿಸಿ ಬಿಗಿಯುತ್ತಾರೆ. ಗುಮ್ಮಟದಂತೆ ಬಾಗಿದ ತಂತಿ ಬಿಗಿದಾಗ ಕೆಳಕ್ಕೆ ಅಮುಕುತ್ತದೆ. ಬಿಗಿತಕ್ಕೆ ಸಿಕ್ಕ ಕಾಂಕ್ರೀಟು ಮೇಲಕ್ಕೆ ಉಬ್ಬಲು ನೋಡುತ್ತದೆ. ಇವೆರಡರ ನಡುವೆ, ತಂತಿ ಹಾದುಹೋದ ಮಟ್ಟದಲ್ಲಿ, ಪದರ ಬಿಡಿಸುವ ಎಳೆತ ಹುಟ್ಟುತ್ತದೆ. ಅದನ್ನು ತಡೆಯಲು ಮೇಲಿನ ಪದರ ಕೆಳಗಿನ ಪದರಗಳನ್ನು ಹೊಲಿದು ಹಿಡಿಯುವ ಸರಳುಗಳು ಸಾಕಷ್ಟಿರಬೇಕು. ಅಲ್ಲಿ ಸಾಲದೆ ಹೋಯಿತು. ಆಮೇಲೆ ವಿನ್ಯಾಸ ಬದಲಾಯಿತು, ಹೆಚ್ಚು ಬಲದ ಕಾಂಕ್ರೀಟು ಬಂತು. ರಾಜಸ್ಥಾನದ ಹೊಸ ಘಟಕಗಳ ಗುಮ್ಮಟಗಳನ್ನೂ ತಿದ್ದಬೇಕಾಯಿತು. ಕೈಗಾದ ಎರಡನೆಯ ಘಟಕ 1999ರಲ್ಲೂ ಮೊದಲನೆಯದು 2000ದಲ್ಲೂ ಚಾಲೂ ಆದವು.

ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಭೂಕಂಪ ಆಗಲಿಲ್ಲ, ಬಿರುಗಾಳಿ ಬೀಸಲಿಲ್ಲ. ಸೇತುವೆಯ ಮೇಲೆ ರೈಲು ಬಂದಿರಲಿಲ್ಲ, ಗುಮ್ಮಟದ ಕೆಳಗೆ ಯುರೇನಿಯಂ ಇರಲಿಲ್ಲ. ಒಂದು ತನ್ನದೇ ತೂಕಕ್ಕೆ ಬಿತ್ತು, ಇನ್ನೊಂದು ತನ್ನದೇ ಬಿಗಿತಕ್ಕೆ ಬಿರಿಯಿತು. ಎರಡೂ ಕಾಗದದ ಮೇಲೆ ಹಿಡಿಯಬಹುದಾಗಿದ್ದ ತಪ್ಪುಗಳು. ಕಾಗದದ ಮೇಲೆ ಸಿಕ್ಕ ತಪ್ಪಿಗೆ ರಬ್ಬರ್ ಸಾಕು, ಕಟ್ಟಿದ ಮೇಲೆ ಸಿಕ್ಕ ತಪ್ಪಿಗೆ ಕ್ರೇನು ಬೇಕು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಿದೆ. ಆದರೂ ಬುದ್ಧಿ ಬರುವುದಕ್ಕೆ ಬೆಲೆಯಿದೆ. ಅಂದು ಗುಮ್ಮಟ ಕಳಚಿದ ಕೈಗಾದ ಅದೇ ಮೊದಲನೆಯ ಘಟಕ 2016ರ ಮೇ 13ರಿಂದ 2018ರ ಕೊನೆಯ ದಿನದವರೆಗೆ 962 ದಿನ ಒಂದೇ ಸಮನೆ ನಡೆದು ಆಗ ವಿಶ್ವದಾಖಲೆ ಮಾಡಿತು.

ಮಿತ್ರರೇ, ನಿಮ್ಮಲ್ಲಿ ಬಹುಪಾಲು ಜನ ನಾಳೆ ಕೂಪರ್ ಆಗುವುದಿಲ್ಲ, ಮ್ಯಾಕ್ಲೂರ್ ಆಗುತ್ತೀರಿ. ಟೇಪು ಹಿಡಿದು ಸೈಟಿನಲ್ಲಿ ನಿಲ್ಲುವವರು, ಬಾಗಿದ್ದನ್ನು ಮೊದಲು ನೋಡುವವರು ನೀವೇ. ನೋಡಿದ್ದನ್ನು ಅಳತೆ, ತಾರೀಖು ಸಮೇತ ಬರೆಯಿರಿ. ಬರೆದದ್ದು ತಲುಪಿತೇ, ಉತ್ತರ ಬಂತೇ ಎಂದು ಬೆನ್ನು ಹತ್ತಿ ಕೇಳಿ. ಅದಕ್ಕೂ ಮೊದಲು, ಕೆಲಸಕ್ಕೆ ಸೇರಿದ ದಿನವೇ ಒಂದು ಪ್ರಶ್ನೆ ಕೇಳಿ ಉತ್ತರ ಪಡೆದುಕೊಳ್ಳಿ: ಈ ಸೈಟಿನಲ್ಲಿ ಕೆಲಸ ನಿಲ್ಲಿಸಿ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಈಗ ಎಲ್ಲಿದ್ದಾರೆ?